ಮದ್ದಳೆಯ ಹಿಂದೆ ಓಡಿದ ದೊಡ್ಡಪ್ಪ

ಸುಜಯ,

ನಿನ್ನೆ ನೀನು ಮಾಡಿದ ರೆಕಾರ್ಡಿಂಗ್ ಕೇಳಿದೆ. ಹೇಸಿಗೆಯಾಯಿತು. ಮೂವತ್ತು ವರ್ಷ ಯಕ್ಷಗಾನದಲ್ಲಿ ಭಾಗವತಿಕೆ ಮಾಡಿ ಮದ್ದಳೆಯನ್ನು ತಮ್ಮ ಹಾಡಿನ ಹಿಂದೆ ನಡೆಸಿದ ದೊಡ್ಡಪ್ಪ, ಕಿವಿಗೆ ನಿನ್ನ ಹೆಡ್‌ಫೋನ್ ಸಿಕ್ಕಿಸಿಕೊಂಡು, ನೀನು ಕಂಪ್ಯೂಟರಿನಲ್ಲಿ ಮೊದಲೇ ತುಂಬಿಸಿಟ್ಟ ಮದ್ದಳೆಯ ಹಿಂದೆ ಕುಮಟಾ ಬಸ್ಸು ಹಿಡಿಯುವವರಂತೆ ಓಡಿದ್ದಾರೆ. ಬೆಳಿಗ್ಗೆ ಫೋನ್ ಮಾಡಿ, "ಎನ್ನ ತಾಳ ತಪ್ಪೋತು ಕೂಸೆ, ಇನ್ನು ಹಾಡ್ತ್ನಿಲ್ಲೆ" ಅಂದರು.

ಇವತ್ತು ನಾಲ್ಕಕ್ಕೆ ಅವರನ್ನು ನಿನ್ನಲ್ಲಿಗೆ ಬರಹೇಳಿದ್ದೇನೆ. ಆ ಮದ್ದಳೆ ಟ್ರ್ಯಾಕನ್ನು ಅಳಿಸು. ಮೊದಲು ಅವರು ಹಾಡಲಿ. ಅದನ್ನು ಕೇಳಿಕೊಂಡು ಮದ್ದಳೆಯ ಗಣೇಶ ಆಮೇಲೆ ಬಾರಿಸಲಿ. ಫ್ಯಾನ್ ಆರಿಸು. ಮೈಕಿಗೆ ಸುತ್ತಿದ ನನ್ನ ಶಾಲಿಗೆ ದೊಡ್ಡಪ್ಪನ ಎಲೆಯಡಿಕೆ ಕವಳದ ಕಲೆಯಾಗಿದೆ, ತೊಳೆದಿಡು. ನಾನು ಹೊನ್ನಾವರದಿಂದ ಬರುವುದು ಆರಕ್ಕೆ.

ತಪ್ಪು ನಿನ್ನದೆಂದು ಅವರಿಗೆ ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ. ಕಂಪ್ಯೂಟರು ತಪ್ಪಲಾರದು ಎಂದುಕೊಂಡಿದ್ದಾರೆ, ಪಾಪ.

ಶಾಂಭವಿ