ಎರಡು ಬಾವಿಗಳ ವರದಿ

ಧರಮಪೇಠ, ನಾಗಪುರ
8 ಆಗಸ್ಟ್ 2025, ಬೆಳಿಗ್ಗೆ ಒಂಬತ್ತೂವರೆ

ವಾಮನ ಅವರಿಗೆ ಜಲಜಾ ಮಾಡುವ ನಮಸ್ಕಾರ.

ನಿನ್ನೆಯಿಂದ ಹದಿನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ನಮ್ಮ ನೀರು ಪರೀಕ್ಷೆಯ ಪ್ರಯೋಗಾಲಯದ ಜೀಪು ನಿಮ್ಮ ಕಳಮೇಶ್ವರದ ಕಡೆ ಹೊರಟಿದೆ, ಚಾಲಕ ಉಮಾಕಾಂತರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನನ್ನ ಅಕ್ಷರ ಕಂಡ ಕೂಡಲೇ ಮಡಚಿ ಜೇಬಿಗೆ ಹಾಕಬೇಡಿ. ಮೊದಲು ಪಕ್ಕದ ತೋಟದ ದತ್ತು ಅವರ ಮನೆಗೆ ಹೋಗಿ. ಅವರ ಮಗಳು ತನ್ವಿ ತನ್ನ ಕೂಸಿಗೆ ನಿಮ್ಮ ಬಾವಿಯ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದಾಳೆ, ಅದನ್ನು ನಿಲ್ಲಿಸಿ. ಜೀಪಿನಲ್ಲಿ ಎರಡು ಕ್ಯಾನ್ ನೀರಿದೆ, ಅದನ್ನು ಕೊಡಿ. ಮಿಕ್ಕದ್ದನ್ನು ಬಂದು ಓದಿ.

ಬಂದಿರಾ? ಹಾಗಾದರೆ ಕೇಳಿ. ನಿಮ್ಮ ಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ನೂರ ಮೂವತ್ತೆಂಟು ಮಿಲಿಗ್ರಾಂ ಇದೆ. ಅದು ನಲವತ್ತೈದು ದಾಟಬಾರದು. ಎರಡು ತಿಂಗಳ ಕೂಸಿನ ರಕ್ತಕ್ಕೆ ಅದು ಸೇರಿದರೆ ಮೈಗೆ ಆಮ್ಲಜನಕ ಮುಟ್ಟುವುದಿಲ್ಲ. ನೀರು ಕಾಯಿಸಿದರೂ ಹೋಗುವುದಿಲ್ಲ, ಕುದಿದಷ್ಟೂ ಹೆಚ್ಚುತ್ತದೆ. ಯೂರಿಯಾ ಹಾಕುವ ದತ್ತು ಅವರ ಬಾವಿಯಲ್ಲಿ ಇರುವುದು ಮೂವತ್ತೊಂದು.

ನನ್ನ ಹಳೇ ಜಗಳದ ಮಾತು ಎಂದುಕೊಳ್ಳಬೇಡಿ. ನೀವು ವಾಯುಸೇನೆ ಬಿಟ್ಟು, ಸಾವಯವ ಎಂದು ಸಂತ್ರಾ ಹಣ್ಣಿನ ತೋಟ ಹಿಡಿದಾಗ ನಾನು ಗಂಡ ಎಂದೂ ನೋಡದೆ ಆಡಬಾರದ ಮಾತನ್ನೆಲ್ಲ ಆಡಿದೆ, ನಿಜ. ಆದರೆ ನಿಮ್ಮ ಮಣ್ಣಿನಲ್ಲಿ ಎರೆಹುಳು ತುಂಬಿವೆ, ಎಂಥ ಮಳೆಗೂ ಅದು ಕೊಚ್ಚಿ ಹೋಗುವುದಿಲ್ಲ. ನಿಮ್ಮ ನೀರಿನಲ್ಲಿ ಕೀಟನಾಶಕದ ಸುಳಿವಿಲ್ಲ, ದತ್ತು ಅವರದರಲ್ಲಿ ಚೂರು ಇದೆ. ಅದಕ್ಕೇ ಕೂಸಿಗೆ ಎರಡೂ ಬಾವಿ ಬೇಡ ಎನ್ನುತ್ತಿದ್ದೇನೆ. ನೀವು ಮಾಡಿದ್ದೇನು? ಕೋಳಿ ಫಾರಂನ ಹಸಿ ಗೊಬ್ಬರವನ್ನು ಕೊಳೆಯಲೂ ಬಿಡದೆ, ಮಳೆ ಹಿಡಿಯುವ ಹೊತ್ತಿಗೆ, ಮೂರು ಟ್ರ್ಯಾಕ್ಟರ್ ತಂದು ಬಾವಿಯ ಮಗ್ಗುಲಿಗೇ ಸುರಿಸಿದಿರಿ. ನಿಮ್ಮ ವಾಟ್ಸಾಪ್ ಸ್ಟೇಟಸ್‌ನಲ್ಲಿ ನಾನೇ ನೋಡಿದೆ. ರಾಸಾಯನಿಕ ಅಲ್ಲಲ್ರೀ, ಎಷ್ಟ್ ಹಾಕಿದ್ರ ಏನಾಗ್ತೈತಿ ಎಂದು ಅದರಲ್ಲಿ ಹೇಳುತ್ತಿದ್ದಿರಿ. ಗಿಡ ಉಂಡು ಮಿಕ್ಕದ್ದು ಕೆಳಗಿನ ನೀರಿಗೆ ಇಳಿಯುತ್ತದೆ. ಯೂರಿಯಾ ಚೀಲದಿಂದ ಬಂತೋ ಕೋಳಿಯಿಂದ ಬಂತೋ, ನೀರಿಗೆ ಎರಡೂ ಒಂದೇ.

ಜುಲೈ ಹದಿನೆಂಟರ ವರದಿಯಲ್ಲಿ ನಮ್ಮ ಬಾವಿ ಚೊಕ್ಕ ಇತ್ತಲ್ಲ ಎನ್ನುತ್ತೀರಿ. ಆ ವರದಿ ಹಿಡಿದೇ ನೀವು ದತ್ತು ಅವರಿಗೆ, ನಿಮ್ಮದು ಬಿಡಿ, ಕೂಸಿಗೆ ನಮ್ಮ ನೀರು ಒಯ್ಯಿರಿ ಎಂದಿರಂತೆ. ಆಗ ಯಂತ್ರ ಕೆಟ್ಟಿತ್ತು ಎಂದು ನಿನ್ನೆ ತನ್ವಿಗೆ ಫೋನಿನಲ್ಲಿ ಹೇಳಿದೆ. ಸುಳ್ಳು. ಯಂತ್ರ ಬರೋಬರ್ ಇತ್ತು. ಆವತ್ತೂ ಹೆಚ್ಚುಕಡಿಮೆ ಇದೇ ಅಂಕಿ ಬಂದಿತ್ತು. ನಿಮ್ಮ ತೋಟದ ನೀರು ಹೀಗಿರಲು ಸಾಧ್ಯವೇ ಇಲ್ಲ, ಬಾಟಲಿ ಅದಲುಬದಲಾಗಿವೆ ಎಂದು ನಾನೇ ತೀರ್ಮಾನಿಸಿ, ಚೀಟಿಗಳು ಸರಿಯಾಗಿದ್ದರೂ ನಿಮ್ಮ ಅಂಕಿಗೆ ದತ್ತು ಅವರ ಹೆಸರು, ಅವರದಕ್ಕೆ ನಿಮ್ಮದು ಎಂದು ತಿರುಗಿಸಿ ಬರೆದೆ. ಅನುಮಾನ ಬಂದರೆ ಮತ್ತೆ ಮಾದರಿ ತರಿಸಬೇಕು ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ಆ ಚೊಕ್ಕ ವರದಿ ನೋಡಿಯಾದರೂ ಒಂದು ಫೋನ್ ಮಾಡುತ್ತೀರಿ ಎಂಬ ಆಸೆಯೂ ಇತ್ತು, ಮುಚ್ಚಿಡುವುದೇನು. ನೀವು ಮಾಡಲಿಲ್ಲ. ನಿನ್ನೆ ಎರಡನೇ ಸುತ್ತಿನ ಬಾಟಲಿಗಳು ಬಂದವು, ಮತ್ತೆ ಅವೇ ಅಂಕಿಗಳು.

ತನ್ವಿ ನನ್ನನ್ನು ನಂಬಲಿಲ್ಲ. ಕಾಕೂ, ಆವತ್ತು ಕೆಟ್ಟ ಯಂತ್ರ ಇವತ್ತು ಮಾತ್ರ ನಿಜ ಹೇಳುತ್ತದಾ ಎಂದು ಕೇಳಿದಳು. ಕಾಕಾ ಮೇಲಿನ ಸಿಟ್ಟನ್ನು ನೀರಿನ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ ಎಂದು ಫೋನ್ ಇಟ್ಟಳು. ಅವಳು ಕೇಳುವುದು ನಿಮ್ಮ ಮಾತನ್ನು. ನನ್ನ ಬಾವಿ ಕೆಟ್ಟಿದೆ ಎಂದು ನಿಮ್ಮ ಬಾಯಿಂದಲೇ ಬರಬೇಕು. ಅದು ನಿಮಗೆಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಹೇಳಿ.

ಇಂತಿ,
ಜಲಜಾ

ತಾ.ಕ.: ಕವರು ಅಂಟಿಸುವ ಮೊದಲು ಮನಸ್ಸು ತಡೆಯದೆ ತನ್ವಿಗೆ ಇನ್ನೊಮ್ಮೆ ಫೋನ್ ಮಾಡಿದೆ. ಯಂತ್ರದ ತಪ್ಪಲ್ಲ, ಹೆಸರು ತಿರುಗಿಸಿದವಳು ನಾನು ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು, ಮೂರು ದಿನದಿಂದ ಕೂಸಿನ ತುಟಿ ನೀಲಿಯಾಗಿದೆ, ಥಂಡಿಯೆಂದು ಎರಡೆರಡು ಸ್ವೆಟರ್ ಹಾಕುತ್ತಿದ್ದೇನೆ ಎಂದಳು. ಕೂಸನ್ನು ಇಲ್ಲಿಯ ಆಸ್ಪತ್ರೆಗೆ ಕರೆತರುತ್ತಿದ್ದಾರೆ. ಅವರು ಬರುವ ಮೊದಲೇ ವೈದ್ಯರಿಗೆ ನೈಟ್ರೇಟ್ ಎಂದು ಹೇಳಲು ನಾನು ಓಡುತ್ತಿದ್ದೇನೆ. ಏನಾಯಿತೆಂದು ದತ್ತು ಕೇಳಿದಾಗ ನಾನೊಬ್ಬಳೇ ನಿಲ್ಲಲಾರೆ. ಇದೇ ಜೀಪಿನಲ್ಲಿ ಬನ್ನಿ.