ದನಗಳಿಗೆ ಮುಟ್ಟಿದ ಎಚ್ಚರಿಕೆ

ಬೆಳೆ ಸಲಹಾ ಕೇಂದ್ರದ ಮುಖ್ಯ ಅಧಿಕಾರಿಗಳೇ,

ನಿಮ್ಮ ಕೇಂದ್ರ ಕಳುಹಿಸಿದ ಎಚ್ಚರಿಕೆ ನನ್ನ ಮನೆಯ ದನಗಳಿಗೆ ಸರಿಯಾದ ಹೊತ್ತಿಗೆ ಮುಟ್ಟಿತು. ಹೊಲದಲ್ಲಿ ಕಸ ತೆಗೆಯುವ ಹೆಂಗಸರಿಗೆ ಮುಟ್ಟಲಿಲ್ಲ. ದನಗಳು ಸುಖವಾಗಿ ಮೆಲುಕು ಹಾಕುತ್ತಿವೆ. ಸತ್ಯವ್ವ ಆಸ್ಪತ್ರೆಯಲ್ಲಿದ್ದಾಳೆ. ನನ್ನ ದೂರು ಇಷ್ಟೇ. ನಿಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಹಿಂಗಾರಿ ಬೆಳೆಯ ಕಳೆ ನಿಯಂತ್ರಣದ ಬಗ್ಗೆ ಮುಂದಿನ ವಾರ ನೀವು ಇನ್ನೊಂದು ಸಭೆ ಕರೆದಿದ್ದೀರಿ. ಅದು ಹಿಂದಿನ ಸಭೆಯ ಹಾಗೆಯೇ ನಡೆಯುವುದಾದರೆ ಇನ್ನೂ ಯಾರು ಯಾರು ಆ ಆಸ್ಪತ್ರೆಗೆ ಹೋಗಬೇಕಾದೀತು ಎಂದು ನನಗೆ ದಿಗಿಲಾಗಿದೆ. ಆದ್ದರಿಂದ ಪೂರ್ತಿ ಓದಿದರೆ ಒಳ್ಳೆಯದು.

ನಾನು ಶರಣವ್ವ. ಎಸ್ಸೆಸ್ಸೆಲ್ಸಿ ಓದಿದವಳು. ಯಾರೋ ಬರೆದುಕೊಟ್ಟ ಪತ್ರಕ್ಕೆ ಈ ಮುದುಕಿ ಸಹಿ ಹಾಕಿದ್ದಾಳೆಂದು ತಿಳಿಯಬೇಡಿ. ಗಬ್ಬೂರ ದಾಟಿದ ಮೇಲೆ ಬೈಪಾಸ್ ರಸ್ತೆಯ ಆಚೆಗೆ ನಮ್ಮ ಎರೆ ಹೊಲವಿದೆ. ಯಜಮಾನರು ತೀರಿಕೊಂಡ ಮೇಲೆ ಏನು ಬಿತ್ತಬೇಕು, ಯಾವಾಗ ರಾಶಿ ಮಾಡಬೇಕು ಎಂದು ಹೇಳುವವಳು ನಾನೇ. ಪಹಣಿ ಉತಾರದಲ್ಲಿ ಹೆಸರು ಮಾತ್ರ ಮಗ ಗುರುಬಸವನದು. ನಿಮ್ಮಲ್ಲಿರುವ ಫೋನ್ ನಂಬರೂ ಅವನದೇ. ಅವನಿಗೆ ಹುಬ್ಬಳ್ಳಿ ಪೇಟೆಯ ದುರ್ಗದಬೈಲ್‌ನಲ್ಲಿ ಕಾಳಿನ ಅಂಗಡಿಯಿದೆ. ಹೀಗಾಗಿ ನನ್ನ ಹೊಲದ ಹುಳ, ರೋಗ, ಔಷಧ ಎಲ್ಲದರ ಸಲಹೆಯೂ ಅಲ್ಲಿ ಗಿರಾಕಿಗಳ ಗದ್ದಲದ ನಡುವೆ, ತಕ್ಕಡಿಯ ಪಕ್ಕದಲ್ಲಿ ಬಂದು ಬೀಳುತ್ತದೆ. ಒಂದು ಒತ್ತಿ, ಎರಡು ಒತ್ತಿ ಎನ್ನುವ ನಿಮ್ಮ ಯಂತ್ರದ ಮಾತನ್ನು ಅವನು ಅರ್ಧ ಕೇಳಿ ಇಡುತ್ತಾನೆ. ಬೆವರು ಸುರಿಸುವವರು ಒಂದು ಕಡೆ, ಬುದ್ಧಿಮಾತು ಕೇಳುವವರು ಇನ್ನೊಂದು ಕಡೆ. ಇದನ್ನು ಯಾವ ಪುಣ್ಯಾತ್ಮರು ಯೋಜಿಸಿದರೋ ತಿಳಿಯದು.

ನಿಮ್ಮ ಮುಂಗಾರಿನ ಸಭೆಗೆ ನಾನೂ ಬಂದಿದ್ದೆ. ನಿಮಗೆ ನೆನಪಿರಲಾರದು. ಗಂಡಸರಿಗೆ ಟೋಪಿ ಕೊಟ್ಟಿರಿ, ಕುರ್ಚಿ ಕೊಟ್ಟಿರಿ. ಹೆಂಗಸರಿಗೆ ಕುಂಭ ಹೊರಿಸಿ ನಿಮ್ಮನ್ನು ಎದುರುಗೊಳ್ಳಲು ನಿಲ್ಲಿಸಿದಿರಿ. ನಿಮ್ಮ ಕೇಂದ್ರದಲ್ಲಿ ಕೃಷಿ ಓದಿದ ಹೆಣ್ಣುಮಕ್ಕಳು ಇಲ್ಲವೇ ಎಂದು ಯಾರಾದರೂ ಕೇಳಿದರೆ ಇದ್ದಾರೆ ಎಂದು ನಾನೇ ಸಾಕ್ಷಿ ಹೇಳುತ್ತೇನೆ. ಅವರಲ್ಲಿ ಒಬ್ಬಾಕೆ ಅಂದು ವೇದಿಕೆಯ ಮೇಲೆ ಹಾರದ ತಟ್ಟೆ ಹಿಡಿದು ನಿಂತಿದ್ದಳು. ಕುರಪಿ ಹಿಡಿದು ಬಗ್ಗಿ ಕಸ ತೆಗೆಯುವ ಕೆಲಸ ಇನ್ನು ಬೇಡ, ಕಳೆ ಸಾಯಿಸುವ ಈ ಎಣ್ಣೆ ಹೊಡೆದರೆ ಸಾಕು ಎಂದು ನೀವು ಹೇಳಿದಿರಿ. ಜನ್ಮದಲ್ಲಿ ಕುರಪಿ ಮುಟ್ಟದ ಗಂಡಸರೆಲ್ಲ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಎಣ್ಣೆ ಹೊಡೆದ ಹೊಲಕ್ಕೆ ಎಷ್ಟು ದಿನ ಇಳಿಯಬಾರದು ಎಂದು ನಾನು ಎದ್ದು ನಿಂತು ಕೇಳಿದೆ. ನೀವು ನನ್ನ ಮಗನ ಕಡೆ ತಿರುಗಿದಿರಿ. "ಎಲ್ಲಾ ಮೆಸೇಜಿನಾಗ ಬರ್ತದ್ರಿ," ಎಂದು ಅವನಿಗೆ ಹೇಳಿದಿರಿ. ನನಗೆ ಹೇಳಿದ್ದು, "ಅಜ್ಜಿ, ಊಟ ಮಾಡ್ಕೊಂಡ ಹೋಗ್ರಿ." ಊಟ ಚೆನ್ನಾಗಿತ್ತು.

ಆಮೇಲೊಂದು ದಿನ ನಾನು ಧಾರವಾಡಕ್ಕೆ ತಂಗಿಯ ಮನೆಗೆ ಹೋಗಿದ್ದೆ. ಆ ಸಂಜೆಯೇ ಗುರುಬಸವ ನಮ್ಮ ಆಳು ಹುಲಗೇಶನಿಂದ ಗೋವಿನಜೋಳಕ್ಕೆ ಆ ಎಣ್ಣೆ ಹೊಡೆಸಿದ. ಅದನ್ನು ಹೊಡೆದ ಕೂಡಲೇ ಕಸ ಸಾಯುವುದಿಲ್ಲ. ಮರುದಿನ ಬೆಳಿಗ್ಗೆ ಅದು ಇಬ್ಬನಿ ಹೊತ್ತುಕೊಂಡು ಎಂದಿನಂತೆ ಹಸಿರಾಗಿಯೇ ನಿಂತಿರುತ್ತದೆ.

ಇಲ್ಲಿ ನಿಮಗೆ ಒಂದು ವಿಷಯ ತಿಳಿಸಬೇಕು, ಏಕೆಂದರೆ ನಿಮಗೆ ಅದು ಗೊತ್ತಿರುವ ಲಕ್ಷಣ ಕಾಣಲಿಲ್ಲ. ನೀವು ಕಳೆ ಎನ್ನುವುದರಲ್ಲಿ ಅರ್ಧದಷ್ಟು ನಮ್ಮ ಊಟ. ಹಕ್ಕರಿಕಿ, ಗೋಳಿ, ಕಿರಕಸಾಲಿ ಇವನ್ನು ಯಾರೂ ಬಿತ್ತುವುದಿಲ್ಲ. ಕಸ ತೆಗೆಯುವ ಹೆಂಗಸರು ತಿನ್ನುವ ಸೊಪ್ಪನ್ನು ಆರಿಸಿ ಉಡಿಯಲ್ಲಿ ಕಟ್ಟಿಕೊಳ್ಳುತ್ತಾರೆ. ಹಕ್ಕರಿಕಿಯನ್ನಂತೂ ಬೇಯಿಸುವುದೇ ಇಲ್ಲ. ಮಧ್ಯಾಹ್ನ ಬದುವಿನ ಮೇಲೆ ಕುಳಿತು, ಸೀರೆಗೆ ಒರೆಸಿ, ಹಸಿಯಾಗಿಯೇ ರೊಟ್ಟಿಗೆ ನಂಜಿಕೊಂಡು ತಿನ್ನುತ್ತಾರೆ. ಹೊಲ ಯಾರದೇ ಆಗಿರಲಿ, ಸೊಪ್ಪಿಗೆ ಯಾರೂ ಯಾರನ್ನೂ ಕೇಳುವುದಿಲ್ಲ, ಯಾರೂ ಬೇಡ ಎನ್ನುವುದಿಲ್ಲ. ನನ್ನ ಅತ್ತೆಯ ಕಾಲದಿಂದ ಹೀಗೇ ನಡೆದಿದೆ.

ಸತ್ಯವ್ವ ನಮ್ಮ ಪಕ್ಕದ ಹೊಲದ ಪಟ್ಟಿಯನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಮೆಣಸಿನ ಗಿಡ ಹಚ್ಚಿದವಳು. ಎಣ್ಣೆ ಹೊಡೆದ ಮರುದಿನ ಬೆಳಿಗ್ಗೆ ನಮ್ಮ ಹೊಲದ ಅಂಚಿನಲ್ಲಿ ಹಕ್ಕರಿಕಿ ಕಿತ್ತಳು. ಮಧ್ಯಾಹ್ನ ರೊಟ್ಟಿಯೊಡನೆ ತಿಂದಳು. ನನ್ನ ಪಾಲೆಂದು ಒಂದು ಹಿಡಿ ಸೊಪ್ಪನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಮನೆಗೆ ಕೊಟ್ಟುಹೋದಳು. ಸಂಜೆಗೆ ಅವಳ ಬಾಯೆಲ್ಲ ಉರಿ, ರಾತ್ರಿಯೆಲ್ಲ ವಾಂತಿ. ಆಸ್ಪತ್ರೆಯಲ್ಲಿ ಏನು ತಿಂದೆ ಎಂದು ಕೇಳಿದರು. ರೊಟ್ಟಿ, ಸೊಪ್ಪು ಎಂದಳು. ಅದರಲ್ಲಿ ಯಾರಿಗೆ ಏನು ಅನುಮಾನ ಬರಬೇಕು?

ನಾನು ಊರಿಗೆ ಮರಳಿ ಬಟ್ಟೆ ಬಿಚ್ಚಿದಾಗ ಎಲೆಗಳು ಸುಟ್ಟಂತೆ ಕಪ್ಪಾಗಿದ್ದವು. ಬಾಡಿದ ಸೊಪ್ಪು ಹೇಗಿರುತ್ತದೆಂದು ನನಗೆ ಗೊತ್ತು. ಅದು ಬಾಡಿದ್ದಲ್ಲ. ಮಗನನ್ನು ಕರೆದೆ.

"ಗುರು, ಹೊಲಕ್ಕ ಏನ ಹೊಡಸೀದಿ?"

"ಕಸದ ಎಣ್ಣಿ ಅವ್ವಾ. ಸಾಹೇಬ್ರ ಹೇಳಿದ್ದ."

"ಯಾರಿಗೆ ತಿಳಿಸೀದಿ?"

"ಮೆಸೇಜ್ ಬಂದಿತ್ತು. ಮೇವಿಗೆ ಬಳಸಬ್ಯಾಡ್ರಿ ಅಂತ ಇತ್ತು. ದನಾ ಬಿಡಬ್ಯಾಡೋ ಅಂತ ಹುಲಗೇಶಗ ಅವತ್ತ ಹೇಳೇನಿ."

"ಮತ್ತ ಹೆಣ್ಮಕ್ಕಳಿಗೆ?"

"ಅವರೇನ ಮೇಯಾಕ ಹೊಕ್ಕಾರೇನವ್ವಾ?"

ನಕ್ಕ. ನನ್ನ ಕೈಯಲ್ಲಿದ್ದ ಬಟ್ಟೆಯ ಮೇಲೆ ಕಣ್ಣು ಬಿದ್ದಾಗ ನಗು ಅಲ್ಲೇ ನಿಂತಿತು. ಅವನು ಕೆಟ್ಟವನಲ್ಲ. ನಿಮ್ಮ ಸಂದೇಶದಲ್ಲಿ ಇದ್ದಷ್ಟನ್ನೇ ಅವನು ಮಾಡಿದ. ಅದರಲ್ಲಿ ದನಗಳಿದ್ದವು, ಹೆಂಗಸರಿರಲಿಲ್ಲ.

ಸೊಪ್ಪನ್ನು ಹಾಗೇ ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ. ಆಗ ಚಿಕಿತ್ಸೆ ಬದಲಾಯಿತು. ಆದರೆ ಅಷ್ಟರಲ್ಲಿ ವಿಷ ತನ್ನ ಕೆಲಸ ಶುರು ಮಾಡಿತ್ತು. ಅವಳ ಮೂತ್ರಪಿಂಡ ಚೇತರಿಸಿಕೊಳ್ಳುವುದೋ ಇಲ್ಲವೋ ಈಗಲೇ ಹೇಳಲಾರೆವು ಎನ್ನುತ್ತಾರೆ. ನಾನು ಹೋದಾಗ ಸತ್ಯವ್ವ ಒಡೆದ ತುಟಿಯಲ್ಲೇ ನಕ್ಕಳು. "ಅವ್ವಾರ, ದನಕ್ಕ ಮೊದಲ ಗೊತ್ತಾಗಿತ್ತಂತಲ್ರಿ. ಮುಂದಿನ ಸಲ ನನ್ನ ಕೊರಳಿಗೂ ಒಂದ ಗಂಟಿ ಕಟ್ಟಿಬಿಡ್ರಿ." ನನಗೆ ನಗಲಾಗಲಿಲ್ಲ. ಅವಳ ಮೆಣಸಿನ ಗಿಡಕ್ಕೆ ಈಗ ಎಲೆ ಮುದುಡುವ ಮುಟುರು ರೋಗ ಬಿದ್ದಿದೆ. ಏನು ಮಾಡಬೇಕೆಂದು ಮಲಗಿದಲ್ಲಿಂದಲೇ ನನ್ನನ್ನು ಕೇಳುತ್ತಾಳೆ. ನಿಮ್ಮನ್ನು ಕೇಳುವ ಹಕ್ಕು ಅವಳಿಗಿಲ್ಲವಲ್ಲ.

ಹಕ್ಕಿಲ್ಲವೆಂದು ನಾನು ಹೇಳಿದ್ದಲ್ಲ, ನಿಮ್ಮ ಕೇಂದ್ರದ ಗುಮಾಸ್ತ ಹೇಳಿದ್ದು. ದೂರು ಹೇಳಲು ಹೋದ ನನಗೆ ಅವನು ಕಂಪ್ಯೂಟರ್ ನೋಡಿಯೇ ಉತ್ತರಿಸಿದ. "ಆಕಿ ರೈತಳ ಅಲ್ರೀ ಅಜ್ಜಿ. ಉತಾರದಾಗ ಹೆಸರಿಲ್ಲ. ನಿಮ್ಮ ಹೊಲದ ಮೆಸೇಜ್ ಮುಟ್ಟೇದ, ಇಲ್ಲೆ ತೋರಸ್ತದ ನೋಡ್ರಿ."

"ಯಾರಿಗೆ ಮುಟ್ಟೇತಪಾ?"

"ನಂಬರಿಗೆ ಮುಟ್ಟೇದ್ರಿ."

ಮಾನ್ಯರೇ, ನಂಬರು ಕಸ ತೆಗೆಯುವುದಿಲ್ಲ. ನಂಬರಿಗೆ ಹಸಿವಾಗುವುದಿಲ್ಲ. ಮಣ್ಣಿನಲ್ಲಿ ಕೈಯಿಟ್ಟವಳು ರೈತಳಲ್ಲ, ಅಂಗಡಿಯಲ್ಲಿ ಕುಳಿತವನು ರೈತ ಎಂಬ ಈ ಲೆಕ್ಕವನ್ನು ನೀವು ಯಾವ ಕಾಲೇಜಿನಲ್ಲಿ ಕಲಿತಿರಿ?

ನನ್ನ ಹೊಲದಲ್ಲಿ ಆ ಎಣ್ಣೆಯನ್ನು ನಿಲ್ಲಿಸಿದ್ದೇನೆ. ಆದರೆ ನನ್ನ ಮಾತು ನನ್ನ ಬದುವಿನವರೆಗೆ ಮಾತ್ರ ನಡೆಯುತ್ತದೆ. ಹೊಲಗಳಿಗೆ ಹೋಗುವ ಹೆಂಗಸರು ದಿನಾ ಬೆಳಿಗ್ಗೆ ಗಬ್ಬೂರ ಕ್ರಾಸಿನಲ್ಲಿ ಟಂಟಂ ಗಾಡಿಗಾಗಿ ಕಾಯುತ್ತಾರೆ. ಮುಂದಿನ ವಾರದ ನಿಮ್ಮ ಸಭೆ ಅಲ್ಲಿ, ಆ ಹೊತ್ತಿನಲ್ಲಿ, ಅವರೆದುರು ನಡೆಯಲಿ. ಹಾರದ ತಟ್ಟೆ ಹಿಡಿದಿದ್ದ ಆ ಹುಡುಗಿಯೇ ಬಂದು ಮಾತಾಡಲಿ, ಅವರು ಕೇಳಿದ್ದಕ್ಕೆ ಅವರ ಮುಖ ನೋಡಿ ಉತ್ತರ ಕೊಡಲಿ. ಎಣ್ಣೆ ಹೊಡೆದ ಹೊಲಕ್ಕೆ ಕೆಂಪು ಬಟ್ಟೆ ಕಟ್ಟಲೇಬೇಕೆಂದು ಆಜ್ಞೆ ಮಾಡಿ. ಲಾವಣಿ ಹಿಡಿದವಳ ಹೆಸರನ್ನೂ ನಂಬರನ್ನೂ ಬರೆದುಕೊಳ್ಳಿ. ಅಲ್ಲಿಯವರೆಗೆ ಯಾವ ವೇದಿಕೆಯ ಮೇಲೂ ಆ ಎಣ್ಣೆಯ ಹೆಸರೆತ್ತಬೇಡಿ.

ಇದನ್ನು ಇವತ್ತೇ ಬರೆಯಲು ಕಾರಣವಿದೆ. ಬೆಳಿಗ್ಗೆ ನಮ್ಮ ಓಣಿಯ ಹಾಜರಾಬಿ ಉಡಿ ತುಂಬ ಸೊಪ್ಪು ಕಟ್ಟಿಕೊಂಡು ನನ್ನ ಕಟ್ಟೆಯ ಮುಂದೆ ಹಾದು ಹೋದಳು.

"ಎಲ್ಲಿ ಕಿತ್ತೀಯವ್ವಾ?"

"ರೋಡಿನ ಆಚೀ ಹೊಲದಾಗ್ರಿ, ಅವ್ವಾರ."

"ಅಲ್ಲಿ ಎಣ್ಣಿ ಹೊಡದಾರೇನು?"

"ಯಾರಿಗ್ಗೊತ್ತರಿ," ಎಂದು ಒಂದು ಎಲೆ ಹರಿದು ತೋರಿಸಿದಳು. "ನೋಡ್ರಿ, ಎಷ್ಟ ಹಸರ ಐತಿ."

ನಾನು ಅದನ್ನೆಲ್ಲ ಕಸಿದುಕೊಂಡು ತಿಪ್ಪೆಗೆ ಹಾಕಿಸಿದೆ. ಅದರಲ್ಲಿ ವಿಷವಿತ್ತೋ ಇಲ್ಲವೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವುದು ಆ ಹೊಲದ ಮಾಲೀಕನ ಫೋನಿಗೆ. ಅದು ಎಲ್ಲಿದೆಯೋ, ಯಾವ ಅಂಗಡಿಯಲ್ಲಿದೆಯೋ.

ಇಂತಿ,
ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ರೈತಳಾಗದ, ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಅಕ್ಕತಂಗಿಯರ ಉಡಿ ತಪಾಸಣೆ ಮಾಡುವ ಹೊಸ ನೌಕರಿಗೆ ಬಿದ್ದಿರುವ
ಶರಣವ್ವ
ಗಬ್ಬೂರ, ಹುಬ್ಬಳ್ಳಿ