ಕೀವಿಲ್ಲದ ಗಾಯ

ಆಸ್ಪತ್ರೆ, ಆಪರೇಷನ್ ಕೋಣೆಯ ಹೊರಗಿನ ಬೆಂಚು
ಜೂನ್ 12, ಗುರುವಾರ ಬೆಳಿಗ್ಗೆ

ನಮ್ಮ ಮನೆಯ ಡಾಕ್ಟರ್ ಸಾಹೇಬರಿಗೆ,

ಅಕ್ಕನ ನಮಸ್ಕಾರ. ತಾವು ಆರೋಗ್ಯವೇ? ಊಟ, ನಿದ್ದೆ ಎಲ್ಲ ಸರಿಯಾಗಿ ನಡೆಯುತ್ತಿದೆಯೇ? ನಡೆಯದೆ ಏನು, ಫೋನ್ ಆಫ್ ಮಾಡಿ ಮಲಗುವವರಿಗೆ ನಿದ್ದೆಗೇನು ಬರ. ಮೊನ್ನೆ ಅಪ್ಪನ ಬೆರಳಿನ ವಿಷಯಕ್ಕೆ ನಾನು ಫೋನಿನಲ್ಲಿ ಕೂಗಾಡಿದೆನೆಂದು ಮುನಿಸಿಕೊಂಡಿದ್ದೀಯ. ಮುನಿಸಿಕೋ, ಯಾರು ಬೇಡವೆಂದರು? ನಿನ್ನ ಮಾತ್ರೆ ಡಬ್ಬಗಳನ್ನು ಅಂಗಡಿಗಳಿಗೆ ಹಾಕುವ ವ್ಯಾನಿನ ಡ್ರೈವರಣ್ಣ ಇವತ್ತು ಇಲ್ಲಿಗೆ ಬಂದಿದ್ದಾನೆ. ಅವನ ಕೈಲಿ ಈ ಕಾಗದ ಕಳಿಸುತ್ತೇನೆ. ಇದನ್ನು ಆಫ್ ಮಾಡಲು ನಿನ್ನಿಂದಾಗದು.

ಒಳಗೆ ಅಪ್ಪನ ಬಲಗೈ ತೋರುಬೆರಳನ್ನು ಕುಯ್ಯುತ್ತಿದ್ದಾರೆ. ಉಳಿಯುತ್ತದೋ ಇಲ್ಲವೋ, ತೆರೆದು ನೋಡಿದ ಮೇಲೆ ಹೇಳುತ್ತಾರಂತೆ. ದರ್ಜಿಯ ತೋರುಬೆರಳು ಕಣೋ ಅದು, ಇಷ್ಟು ವರ್ಷ ನಮ್ಮಿಬ್ಬರಿಗೂ ಅನ್ನ ಹಾಕಿದ ಬೆರಳು. ಹೊಲಿಗೆ ಮಿಷನ್ನಿನ ಸೂಜಿ ಚುಚ್ಚುವುದು ಅಪ್ಪನಿಗೆ ಹೊಸದೇನಲ್ಲ. ಊದಿ, ಕೆಂಪಾಗಿ, ಕೀವು ತುಂಬಿ ಒಡೆದು, ತಾನಾಗಿ ವಾಸಿಯಾಗುತ್ತಿತ್ತು. ಈ ಸಲ ಚುಚ್ಚಿದಾಗ ಏನೂ ಆಗಲಿಲ್ಲ. ಊತವಿಲ್ಲ, ಜ್ವರವಿಲ್ಲ, ಒಂದು ಹನಿ ಕೀವಿಲ್ಲ. ಅಳತೆ ಕೊಡಲು ಬಂದವರಿಗೆಲ್ಲ ಬೆರಳು ತೋರಿಸಿ, ನಮ್ಮ ಹುಡುಗನ ಮಾತ್ರೆಯ ಮಹಿಮೆ ಎಂದು ಅಪ್ಪ ಬೀಗಿದ್ದೇ ಬೀಗಿದ್ದು. ಭುಜದ ನೋವಿಗೆಂದು ನೀನು ತಿಂಗಳು ತಿಂಗಳು ತಂದುಕೊಟ್ಟೆಯಲ್ಲ, ಹೆಸರು ದಿಕ್ಕಿಲ್ಲದ ಆ ಬಿಳಿ ಮಾತ್ರೆ. ಫೋನಿನಲ್ಲಿ ನೀನೂ, "ಕೀವಿಲ್ಲ ಅಂದ್ರೆ ಸೋಂಕೇ ಇಲ್ಲ ಕಣಕ್ಕಾ, ಸುಮ್ನೆ ಗಾಬರಿ ಬೀಳ್ಬೇಡ" ಎಂದೆ. ನಾನು ಪೆದ್ದಿ, ನಂಬಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತ ಕೂತೆ. ಬೆರಳು ಕಪ್ಪಗಾಗಿ, ಅಪ್ಪ ಮಿಷನ್ ಮೇಲೆಯೇ ತಲೆ ಇಟ್ಟು ಒರಗಿದಾಗ ಆಟೋ ಹಿಡಿದು ಇಲ್ಲಿಗೆ ಕರೆತಂದೆ.

ಇಲ್ಲಿನ ಡಾಕ್ಟರಮ್ಮ, ಅವರು ಓದಿ ಡಾಕ್ಟರಾದವರು, ನನ್ನನ್ನು ಕೂರಿಸಿ ಹೇಳಿದರು. ಈಗ ನೀನು ಕೇಳು. ಕೀವೆಂದರೆ ಬಹುಪಾಲು ಕಾದಾಡಿ ಸತ್ತ ಬಿಳಿ ರಕ್ತಕಣಗಳು. ಬ್ಯಾಕ್ಟೀರಿಯಾ ನುಗ್ಗಿದ ಜಾಗದಿಂದ ಒಂದು ರಾಸಾಯನಿಕದ ಕೂಗು ಹೊರಡುತ್ತದಂತೆ. ಅಲ್ಲಿನ ರಕ್ತನಾಳ ಹಿಗ್ಗುತ್ತದೆ. ಕೆಂಪು, ಬಿಸಿ, ಊತ ಎಲ್ಲ ಅದರದೇ. ರಕ್ತದಲ್ಲಿ ಹೋಗುತ್ತಿದ್ದ ಬಿಳಿ ಕಣಗಳು ನಾಳದ ಗೋಡೆಯ ಮೇಲೆ ಉರುಳಿ, ಅಂಟಿ ನಿಂತು, ಸಂದಿಯಲ್ಲಿ ಮೈ ಹಿಂಡಿಕೊಂಡು ಹೊರಗೆ ನುಸುಳುತ್ತವೆ. ಬ್ಯಾಕ್ಟೀರಿಯಾದ ಜಾಡು ಹಿಡಿದು ಹೋಗಿ ಇಡಿಯಾಗಿ ನುಂಗುತ್ತವೆ, ಒಳಗೇ ಕೊಲ್ಲುತ್ತವೆ, ಆಮೇಲೆ ತಾವೂ ಸಾಯುತ್ತವೆ. ಅಪ್ಪನ ರಕ್ತದಲ್ಲಿ ಬಿಳಿ ಕಣ ಬೇಕಾದಷ್ಟಿವೆ ಎಂದಾಗ ನಾನು ಖುಷಿಪಟ್ಟೆ. ಡಾಕ್ಟರಮ್ಮ ಅಲ್ಲವೆಂದು ತಲೆಯಾಡಿಸಿದರು. ಅವೆಲ್ಲ ರಕ್ತದಲ್ಲೇ ಸುತ್ತುತ್ತಿವೆಯಂತೆ. ಬಸ್ಸು ತುಂಬ ಜನ, ಇಳಿಯಬೇಕಾದ ಕಡೆ ಇಳಿಯುವವರೇ ಇಲ್ಲ. ಗೋಡೆಗೆ ಅಂಟುವುದನ್ನೇ ತಪ್ಪಿಸುವ ಔಷಧಿ ಸ್ಟೆರಾಯ್ಡ್. ನಿನ್ನ ಮಾತ್ರೆ ಅದೇ ಇರಬೇಕು, ಅಪ್ಪನ ಉಬ್ಬಿದ ಮುಖವೇ ಹೇಳುತ್ತದೆ ಎಂದರು. ಅಯ್ಯೋ, ಮುಖ ತುಂಬಿಕೊಂಡಿದೆ, ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಬೀದಿಯವರೆಲ್ಲ ನಿನ್ನ ಹೊಗಳುತ್ತಿದ್ದರಲ್ಲೋ.

ನೋವು ಹೋಯಿತು, ಊತ ಇಳಿಯಿತು ಎಂದು ನಿನ್ನ ಬೆನ್ನು ನೀನೇ ತಟ್ಟಿಕೊಂಡೆ. ಹೋದದ್ದು ಮೈಯ ಕಾವಲು. ಓದಿದ್ದು ಅರ್ಧಂಬರ್ಧ, ಆಡುವ ಮಾತು ಆಕಾಶದಷ್ಟು. ನಿನ್ನನ್ನು ಎತ್ತಿ ಆಡಿಸಿದ ಕೈಯಿಂದಲೇ ಎರಡು ಬಾರಿಸಬೇಕೆನಿಸುತ್ತಿದೆ. ಅದರಲ್ಲಿ ಏನು, ಎಷ್ಟು ಬೆರೆಸಿದ್ದಾರೆಂದು ಬರೆದು ಡ್ರೈವರಣ್ಣನ ಕೈಲೇ ಕಳಿಸು, ಡಾಕ್ಟರಮ್ಮನಿಗೆ ಬೇಕು. ಆಶೀರ್ವಾದ ಕೇಳಬೇಡ, ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಇತಿ,
ನಿನ್ನ ಅಕ್ಕ

ತಾ.ಕ.: ಬೆರಳು ತೆಗೆದುಬಿಟ್ಟರು. ಜೀವಕ್ಕೆ ಅಪಾಯವಿಲ್ಲವಂತೆ. ಅಪ್ಪನಿಗೆ ಎಚ್ಚರವಾದ ಮೇಲೆ ಎಲ್ಲ ಹೇಳಿದೆ, ನಿನ್ನನ್ನು ಬೈಯಲಿ ಎಂದೇ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅವನಿಗೆ ಹೇಳ್ಬೇಡಮ್ಮಾ, ಕೊರಗ್ತಾನೆ" ಎಂದರು. ಕಾಗದ ಹರಿಯಲು ಹೊರಗೆ ಬಂದೆ. ಅಷ್ಟರಲ್ಲಿ ಪಕ್ಕದಂಗಡಿಯ ಇಸ್ತ್ರಿ ಅಕ್ಕ ಅಪ್ಪನನ್ನು ನೋಡಲು ಬಂದಳು. ಮುಂಗೈಯಲ್ಲಿ ಸುಟ್ಟ ಗಾಯ ಬಾಯಿ ಬಿಟ್ಟುಕೊಂಡಿದೆ. "ನಿನ್ ತಮ್ಮನ ಮಾತ್ರೆ ತಗೋತಿದೀನಲ್ಲ, ನೋಡು, ಚೂರೂ ಕೀವಿಲ್ಲ" ಎಂದು ನಗುತ್ತ ತೋರಿಸಿದಳು. ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸಿದರೂ ಅಪಾಯವಂತೆ, ಎಲ್ಲರೂ ಆಸ್ಪತ್ರೆಗೇ ಬರಬೇಕಂತೆ. ಕೊರಗುವುದಿದ್ದರೆ ಆಮೇಲೆ ಕೊರಗು. ಈಗ ಎದ್ದು, ಯಾರ್ಯಾರಿಗೆ ಕೊಟ್ಟಿದ್ದೀಯೋ ಅವರ ಬಾಗಿಲು ತಟ್ಟು.